ಟೇಲ್ ಲೈಟಿಗೆ ನೀರು ಹೊಕ್ಕರೆ: ಸೀಲ್ ಮಾಡಿಸುವುದೋ, ಬದಲಿಸುವುದೋ?

ಟೇಲ್ ಲೈಟಿನೊಳಗೆ ನೀರು ಕಂಡ ಕೂಡಲೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸಿಲಿಕಾನ್ ಟ್ಯೂಬ್ ತರುವವರೇ ಹೆಚ್ಚು. ಗಾಜಿನ ಸುತ್ತಲೂ ದಪ್ಪಗೆ ಬಳಿಯುತ್ತಾರೆ. ಎರಡು ಮಳೆ ಕಳೆದ ಮೇಲೆ ನೋಡಿದರೆ ಒಳಗೆ ನೀರು ಮೊದಲಿಗಿಂತ ಜಾಸ್ತಿ. ಸಿಲಿಕಾನ್ ಕೆಟ್ಟದ್ದೆಂದಲ್ಲ, ನೀರು ಬರುತ್ತಿದ್ದ ದಾರಿ ಒಂದು, ಮುಚ್ಚಿದ್ದು ಇನ್ನೊಂದು. ಯಾವ ರಿಪೇರಿ ಒಳ್ಳೆಯದು ಎಂಬ ಪ್ರಶ್ನೆಗೆ, ನೀರಿನ ದಾರಿ ಗೊತ್ತಾಗುವವರೆಗೆ ಉತ್ತರವೇ ಇಲ್ಲ. ಗೊತ್ತಾದ ಮೇಲೆ ಬಹುಪಾಲು ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ, ಒಂದೋ ಎರಡೋ ಉಳಿಯುತ್ತವೆ.

ಮಂಜು ಬೇರೆ, ನೀರು ಬೇರೆ

ಮಳೆಯಲ್ಲಿ ನಿಂತ ಕಾರಿನ ಟೇಲ್ ಲೈಟಿನ ಮೂಲೆಯಲ್ಲಿ ಬೆಳಿಗ್ಗೆ ತೆಳ್ಳಗೆ ಮಂಜು ಕಟ್ಟಿದ್ದು, ಲೈಟ್ ಹಾಕಿ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಅದು ಕರಗಿಹೋದರೆ ಏನೂ ಮಾಡಬೇಡಿ. ದೀಪದ ಡಬ್ಬಿಯನ್ನು ಗಾಳಿಯೇ ಆಡದಂತೆ ಮುಚ್ಚಿರುವುದಿಲ್ಲ. ಹಿಂಬದಿಯಲ್ಲಿ ಉಸಿರಾಟಕ್ಕೆಂದೇ ಸಣ್ಣ ಕಿಂಡಿ ಇಟ್ಟಿರುತ್ತಾರೆ. ಕೆಲವದರಲ್ಲಿ ಅದು ಬಾಗಿದ ರಬ್ಬರ್ ನಳಿಕೆ, ಕೆಲವದರಲ್ಲಿ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ತೆಳು ಪೊರೆಯ ಬಿಲ್ಲೆ. ಆ ಕಿಂಡಿಯಿಂದ ಬಂದ ತೇವವೇ ತಣ್ಣನೆಯ ಗಾಜಿಗೆ ತಾಗಿ ಮಂಜಾಗುತ್ತದೆ. ಎಲ್‌ಇಡಿ ದೀಪಗಳಲ್ಲಿ ಇದು ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ, ಏಕೆಂದರೆ ಹಳೆಯ 21 ವ್ಯಾಟ್ ಬಲ್ಬಿನ ಶಾಖ ಅದರಲ್ಲಿಲ್ಲ. ಆಗುಂಬೆ, ಮಡಿಕೇರಿ ಕಡೆ ಜುಲೈ ತಿಂಗಳಲ್ಲಿ ದಿನವಿಡೀ ಮಂಜು ಬಿಡದಿದ್ದರೂ ನಾನು ಅದನ್ನು ಲೀಕ್ ಎನ್ನುವುದಿಲ್ಲ.

ಹನಿ ಹರಿದ ಗೆರೆ, ತಳದಲ್ಲಿ ನಿಂತ ನೀರು, ಬ್ರೇಕ್ ಹಾಕಿದಾಗ ಒಳಗೆ ತುಳುಕುವ ಸದ್ದು, ಒಳಮೈಗೆ ಹತ್ತಿದ ಪಾಚಿ ಅಥವಾ ಕೆಂಧೂಳಿನ ಕಲೆ ಇವೆಲ್ಲ ಲೀಕಿನ ಗುರುತು. ಎಡಗಡೆಯ ದೀಪದಲ್ಲಿ ಮಾತ್ರ ಮಂಜು ನಿಂತು ಬಲಗಡೆಯದು ಸ್ವಚ್ಛವಾಗಿದ್ದರೂ ಲೀಕ್ ಎಂದೇ ಹಿಡಿಯಿರಿ. ಎರಡನ್ನೂ ಹೋಲಿಸಿ ನೋಡುವುದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಇದನ್ನು ಮುಂದಿನ ಸರ್ವಿಸ್‌ವರೆಗೆ ತಳ್ಳಬಾರದು ಎನ್ನಲು ಎರಡು ಕಾರಣ. ಮೊದಲನೆಯದು ವೈರಿಂಗ್. ಬಲ್ಬ್ ಹೋಲ್ಡರಿನ ಲೋಹದ ಪಟ್ಟಿ ಹಸಿರುಗಟ್ಟಿ ಅರ್ಥ್, ಅಂದರೆ ಕರೆಂಟು ಮರಳಿ ಹೋಗುವ ದಾರಿ, ಕೆಡುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುವುದು, ಇಂಡಿಕೇಟರ್ ಹಾಕಿದರೆ ಪಾರ್ಕ್ ಲೈಟ್ ಮಿಣುಕುವುದು ಅದರ ಲಕ್ಷಣ. ಅರ್ಥ್ ಸಿಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತಿರುತ್ತದೆ.

ಎರಡನೆಯದನ್ನು ಗ್ಯಾರೇಜಿನಲ್ಲಿ ಯಾರೂ ಹೇಳುವುದಿಲ್ಲ, ನನಗಂತೂ ಅದೇ ದೊಡ್ಡದು. ಹಲವು ಕಾರುಗಳಲ್ಲಿ, ಬೆಳಕನ್ನು ಬಂದ ಕಡೆಗೇ ಮರಳಿಸುವ ರಿಫ್ಲೆಕ್ಟರ್ ಟೇಲ್ ಲೈಟಿನ ಗಾಜಿನಲ್ಲೇ (ಗಾಜು ಎಂದರೂ ಅದು ಹೆಚ್ಚಾಗಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್) ಸೇರಿಕೊಂಡಿರುತ್ತದೆ. ಅದರ ಬೆನ್ನನ್ನು ನೋಡಿದರೆ ಮೂರು ಮುಖಗಳು ಲಂಬವಾಗಿ ಕೂಡುವ ಪುಟ್ಟ ಪುಟ್ಟ ಮೂಲೆಗಳ ಸಾಲು ಕಾಣುತ್ತದೆ. ಹಿಂದಿನಿಂದ ನೇರವಾಗಿ ಬಂದ ಬೆಳಕು ಆ ಮುಖಗಳಿಗೆ ಸುಮಾರು 55 ಡಿಗ್ರಿ ಕೋನದಲ್ಲಿ ಬಡಿಯುತ್ತದೆ. ಅಕ್ರಿಲಿಕ್‌ನ ಆಚೆ ಗಾಳಿಯಿದ್ದರೆ 42 ಡಿಗ್ರಿ ಮೀರಿದ ಬೆಳಕೆಲ್ಲ ಪೂರ್ತಿ ಹಿಂದಿರುಗುತ್ತದೆ, ರಿಫ್ಲೆಕ್ಟರ್ ಕೆಂಪಗೆ ಹೊಳೆಯುತ್ತದೆ. ಆಚೆ ನೀರು ನಿಂತಿದ್ದರೆ ಆ ಮಿತಿ 63 ಡಿಗ್ರಿಗೆ ಏರುತ್ತದೆ. 55 ಡಿಗ್ರಿಯಲ್ಲಿ ಬಡಿದ ಬೆಳಕಿನ ಹೆಚ್ಚಿನ ಪಾಲು ನೀರಿನೊಳಗೆ ನುಸುಳಿ ಕಳೆದುಹೋಗುತ್ತದೆ. ರಿಫ್ಲೆಕ್ಟರಿನ ಬೆನ್ನಿಗೆ ಪ್ರತ್ಯೇಕ ಮುಚ್ಚಳವಿಲ್ಲದ ದೀಪದಲ್ಲಿ ನೀರು ತುಂಬಿದರೆ, ನೀರು ಮುಟ್ಟಿದಷ್ಟು ಭಾಗ ಕುರುಡು. ರಾತ್ರಿ ಹೆದ್ದಾರಿಯ ಅಂಚಿನಲ್ಲಿ ಬ್ಯಾಟರಿ ಸತ್ತು ನಿಂತ ಕಾರು ಹಿಂದಿನ ಲಾರಿಯವನ ಕಣ್ಣಿಗೆ ಬೀಳುವುದು ಆ ರಿಫ್ಲೆಕ್ಟರಿನಿಂದಲೇ.

ದಾರಿ ಹುಡುಕುವುದು

ನೀರು ನಿಂತ ಜಾಗವೇ ನೀರು ಬಂದ ಜಾಗ ಎಂದುಕೊಳ್ಳಬೇಡಿ. ಮೇಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಕಾಣುವುದು ತಳದಲ್ಲೇ. ಅಷ್ಟು ಸಣ್ಣ ಸಂದಿಯಿಂದ ಅಷ್ಟೊಂದು ನೀರು ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಬಿಸಿ ಸಾರು ತುಂಬಿ ಮುಚ್ಚಿದ ಸ್ಟೀಲ್ ಡಬ್ಬಿ ಆರಿದ ಮೇಲೆ ಮುಚ್ಚಳ ಒಳಕ್ಕೆ ಹಿಡಿದುಕೊಳ್ಳುತ್ತದಲ್ಲ, ಇಲ್ಲಿ ಆಗುವುದೂ ಅದೇ. ಬಲ್ಬ್ ಉರಿದು ದೀಪದೊಳಗಿನ ಗಾಳಿ 60 ಡಿಗ್ರಿಗೆ ಏರಿದೆ ಎನ್ನಿ. ಮಳೆ ಬಡಿದು 25ಕ್ಕೆ ಇಳಿದರೆ ಆ ಗಾಳಿ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಎರಡು ಲೀಟರ್ ಜಾಗವಿರುವ ದೀಪ ಸುಮಾರು 200 ಮಿಲಿಲೀಟರ್ ಗಾಳಿಯನ್ನು ಹೊರಗಿನಿಂದ ಎಳೆದುಕೊಳ್ಳಬೇಕು. ಉಸಿರಾಟದ ಕಿಂಡಿ ತೆರೆದಿದ್ದರೆ ಗಾಳಿ ಅಲ್ಲಿಂದ ಬರುತ್ತದೆ. ಕಿಂಡಿಗೆ ಕೆಸರು ತುಂಬಿದ್ದರೆ, ಅಥವಾ ಜೇಡ ಗೂಡು ಕಟ್ಟಿದ್ದರೆ, ಒದ್ದೆಯಾದ ಸಂದಿಯಿಂದ ನೀರನ್ನೇ ಹೀರಿಕೊಳ್ಳುತ್ತದೆ. ಬಿಟ್ಟು ಬಿಟ್ಟು ಸುರಿಯುವ ಮಳೆಯಲ್ಲಿ ಇದು ದಿನಕ್ಕೆ ನಾಲ್ಕು ಸಲ ನಡೆಯಬಹುದು. ಆದ್ದರಿಂದಲೇ ಹಿಂಬದಿಯ ಕಿಂಡಿಗಳನ್ನೆಲ್ಲ ಮುಚ್ಚಿ 'ಫುಲ್ ಸೀಲ್' ಮಾಡಿದ ದೀಪ ಮೊದಲಿಗಿಂತ ಹೆಚ್ಚು ನೀರು ಕುಡಿಯುತ್ತದೆ.

ದೀಪ ಬಿಚ್ಚುವುದು ಬಹುತೇಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಕಷ್ಟವಿಲ್ಲ. ಡಿಕ್ಕಿ ತೆಗೆದರೆ ಬದಿಯಲ್ಲಿ ಎರಡು ಸ್ಕ್ರೂ ಅಥವಾ ಬೋಲ್ಟ್ ಕಾಣುತ್ತವೆ. ಅವನ್ನು ತೆಗೆದು, ದೀಪವನ್ನು ಪಕ್ಕಕ್ಕೆ ತಿರುಚದೆ ನೇರ ಹಿಂದಕ್ಕೆ ಎಳೆಯಬೇಕು. ಒಳಗೆ ರಬ್ಬರಿನಲ್ಲಿ ಕೂತ ಪ್ಲಾಸ್ಟಿಕ್ ಗೂಟಗಳಿರುತ್ತವೆ, ತಿರುಚಿದರೆ ಮುರಿಯುತ್ತವೆ. ಸೆಡಾನ್‌ಗಳಲ್ಲಿ ಡಿಕ್ಕಿಯ ಒಳಗಿನ ಲೈನಿಂಗ್ ಸರಿಸಿ ನಟ್ ಬಿಚ್ಚಬೇಕಾಗುತ್ತದೆ.

ಬಲ್ಬ್ ಮಾದರಿಯ ದೀಪವಾದರೆ ನನಗೆ ಇಷ್ಟವಾದ ಪರೀಕ್ಷೆ ತಿರುಗುಮುರುಗು. ಹೊರಗಿನಿಂದ ನೀರು ಹೊಯ್ಯುವ ಬದಲು ಬಲ್ಬಿನ ತೂತಿನಿಂದ ಒಳಗೇ ಒಂದು ಲೋಟ ಶುದ್ಧ ನೀರು ಹಾಕಿ. ಹೊರಮೈಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ದೀಪವನ್ನು ನಿಧಾನವಾಗಿ ಒಂದೊಂದೇ ಅಂಚಿಗೆ ವಾಲಿಸುತ್ತ ಹೋಗಿ. ಎಲ್ಲಿ ಮೊದಲ ಹನಿ ಮೂಡುತ್ತದೋ ಅಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ. ಒಂದು ಕಡೆ ಸಿಕ್ಕಿತೆಂದು ನಿಲ್ಲಿಸದೆ ಇಡೀ ಸುತ್ತು ಮುಗಿಸಿ, ಎರಡು ಕಡೆ ಸೋರುವ ದೀಪಗಳು ಅಪರೂಪವಲ್ಲ. ಎಲ್‌ಇಡಿ ಬೋರ್ಡ್ ಇರುವ ದೀಪಕ್ಕೆ ಇದು ಬೇಡ. ಅದರ ಅಂಚಿಗೆ ಸೋಪಿನ ನೊರೆ ಹಚ್ಚಿ, ಉಸಿರಾಟದ ನಳಿಕೆಯಿಂದ ಬಾಯಲ್ಲಿ ಮೆಲ್ಲಗೆ ಊದಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ಕಂಪ್ರೆಸರ್ ಗಾಳಿ ಬಿಡಬೇಡಿ, ಚೆನ್ನಾಗಿದ್ದ ಬೆಸುಗೆಯೂ ಬಿಟ್ಟುಕೊಳ್ಳುತ್ತದೆ.

ಹೋಲ್ಡರ್ ಮತ್ತು ಕಿಂಡಿ: ಮೊದಲು ನೋಡಬೇಕಾದ ಅಗ್ಗದ ಎರಡು

ಬಲ್ಬ್ ಬದಲಿಸಿದ ಮೇಲೆ ಲೀಕ್ ಶುರುವಾಗಿದ್ದರೆ ಬೇರೆ ಕಡೆ ಹುಡುಕುವುದೇ ಬೇಡ. ಹೋಲ್ಡರಿನ ರಬ್ಬರ್ ವಾಷರ್ ಬಿದ್ದುಹೋಗಿರುತ್ತದೆ, ಇಲ್ಲವೆ ಮಡಿಚಿ ಕೂತಿರುತ್ತದೆ, ಇಲ್ಲವೆ ಹೋಲ್ಡರ್ ಪೂರ್ತಿ ತಿರುಗಿ ಲಾಕ್ ಆಗಿರುವುದಿಲ್ಲ. ವಾಷರ್ ಗಟ್ಟಿಯಾಗಿ ಹೊಳಪು ಬಂದಿದ್ದರೆ ಬದಲಿಸಿ. ಅಲ್ಲಿ ಸಿಲಿಕಾನ್ ಹಾಕಿದರೆ ಮುಂದಿನ ಬಲ್ಬ್ ಬದಲಿಸುವಾಗ ಹೋಲ್ಡರಿನ ಕಿವಿ ಮುರಿಯುತ್ತದೆ. ಕಿಂಡಿಯ ನಳಿಕೆಯನ್ನು ತೊಳೆದು, ಬಾಯಿ ಕೆಳಮುಖವಾಗಿರುವಂತೆ ಸೇರಿಸಿ. ಪೊರೆಯ ಬಿಲ್ಲೆ ಹರಿದಿದ್ದರೆ ಟೇಪ್ ಅಂಟಿಸಿ ಮುಚ್ಚದೆ, ಹಾಗೆಯೇ ಉಸಿರಾಡುವ ಬಿಲ್ಲೆಯನ್ನೇ ಹುಡುಕಿ ತಂದು ಅಂಟಿಸಬೇಕು.

ಅಂಚಿನ ಸಂದಿಗೆ ಯಾವ ಅಂಟು?

ನಿಜವಾದ ಆಯ್ಕೆಯ ತಲೆನೋವು ಇರುವುದು ಇಲ್ಲಿ. ಟೇಲ್ ಲೈಟಿನ ಕೆಂಪು ಗಾಜು ಹೆಚ್ಚಿನ ಕಾರುಗಳಲ್ಲಿ ಅಕ್ರಿಲಿಕ್, ಹಿಂದಿನ ಡಬ್ಬಿ ಎಬಿಎಸ್ ಜಾತಿಯ ಪ್ಲಾಸ್ಟಿಕ್. ಫ್ಯಾಕ್ಟರಿಯಲ್ಲಿ ಸಾಮಾನ್ಯವಾಗಿ ಎರಡನ್ನೂ ಕರಗಿಸಿ ಬೆಸೆದಿರುತ್ತಾರೆ. ಬಿಸಿಲಿಗೆ ಎರಡು ಪ್ಲಾಸ್ಟಿಕ್ಕುಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ವರ್ಷಗಟ್ಟಲೆ ಎಳೆದಾಡಿ, ಡಿಕ್ಕಿಯ ಬಾಗಿಲನ್ನು ಬಡಿದು ಮುಚ್ಚುವ ಹೊಡೆತಕ್ಕೆ ಸಿಕ್ಕಿ, ಆ ಬೆಸುಗೆ ಎಲ್ಲೋ ಒಂದೆರಡು ಇಂಚು ಬಿಡುತ್ತದೆ. ಅಲ್ಲಿಗೆ ಹಾಕುವ ಅಂಟು ಎರಡನ್ನೂ ಹಿಡಿಯಬೇಕು, ಹಿಗ್ಗಿ ಕುಗ್ಗಬೇಕು, ಬಿಸಿಲಿಗೆ ಪುಡಿಯಾಗಬಾರದು.

ಫೆವಿಕ್ವಿಕ್‌ನಂಥ ಕ್ಷಣದ ಅಂಟು ಈ ಕೆಲಸಕ್ಕೆ ಆಗದು. ಗಟ್ಟಿಯಾದ ಮೇಲೆ ಅದಕ್ಕೆ ಬಳುಕು ಇಲ್ಲ, ಮೇಲಾಗಿ ಅದರ ಆವಿ ಗಾಜಿನ ಒಳಮೈಗೆ ಬಿಳಿ ಪೊರೆ ಕಟ್ಟಿಸುತ್ತದೆ, ಅದನ್ನು ತೆಗೆಯಲು ಒಳಗೆ ಕೈ ಹೋಗುವುದಿಲ್ಲ. ಎಂ-ಸೀಲ್, ಅರಾಲ್ಡೈಟ್‌ನಂಥ ಎಪಾಕ್ಸಿಗಳು ಮುರಿದ ಗೂಟ, ಕಿವಿ ಜೋಡಿಸಲು ಬಹಳ ಒಳ್ಳೆಯವು. ಅದೇ ಎಪಾಕ್ಸಿಯನ್ನು ಅಂಚಿನ ಉದ್ದಕ್ಕೂ ಹಾಕಿದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಕಾರಿನ ಮುಂಭಾಗದ ದೊಡ್ಡ ಗಾಜು ಅಂಟಿಸುವ ಕಪ್ಪು ಪಾಲಿಯುರಿಥೇನ್ ಸೀಲೆಂಟ್ ಹಿಡಿತದಲ್ಲಿ ಎಲ್ಲಕ್ಕಿಂತ ಗಟ್ಟಿ. ಆದರೆ ನೇರ ಬಿಸಿಲಿಗೆ ಅದರ ಮೇಲ್ಮೈ ಸೀಮೆಸುಣ್ಣದಂತೆ ಪುಡಿಗಟ್ಟುತ್ತದೆ, ಕೆಂಪು ಗಾಜಿನ ಅಂಚಿಗೆ ಕಪ್ಪು ಗೆರೆಯೂ ಉಳಿಯುತ್ತದೆ. ದೀಪದ ಹಿಂಬದಿಯಲ್ಲಿ ಸಂದಿ ಇದ್ದರೆ ಮಾತ್ರ ಅದನ್ನು ನೆನಪಿಸಿಕೊಳ್ಳಿ.

ಉಳಿದದ್ದು ಸಿಲಿಕಾನ್. ಅದರಲ್ಲೂ ಎರಡು ಜಾತಿ. ಟ್ಯೂಬ್ ತೆರೆದಾಗ ವಿನೆಗರ್ ವಾಸನೆ ಹೊಡೆದರೆ ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುವ ಜಾತಿ. ಬಾತ್‌ರೂಮ್ ಸಿಂಕಿಗೆ, ಅಕ್ವೇರಿಯಂಗೆ ಬಳಸುವುದು ಸಾಮಾನ್ಯವಾಗಿ ಅದೇ. ದೀಪದೊಳಗೆ ಕಟ್ಟಿಹಾಕಿದ ಆ ಆವಿ ಬಲ್ಬಿನ ಲೋಹದ ಪಟ್ಟಿಯನ್ನೂ ಒಳಗಿನ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಲೇಪವನ್ನೂ ತಿನ್ನಬಲ್ಲದು. ಅಂಗಡಿಯಲ್ಲಿ 'ನ್ಯೂಟ್ರಲ್ ಸಿಲಿಕಾನ್' ಎಂದೇ ಕೇಳಿ, ಟ್ಯೂಬಿನ ಮೇಲೆ ಹಾಗೆ ಬರೆದಿರುತ್ತದೆ. ಪಾರದರ್ಶಕವಾದದ್ದು ತೆಗೆದುಕೊಳ್ಳಿ. ಮನೆಯಲ್ಲೇ ಮಾಡುವವರಿಗೆ ಅಂಚಿನ ಸಂದಿಗೆ ನನ್ನ ಮತ ಇದಕ್ಕೇ. ಒಂದೇ ಕೊರತೆ, ಒಮ್ಮೆ ಸಿಲಿಕಾನ್ ಹತ್ತಿದ ಜಾಗಕ್ಕೆ ಬೇರೆ ಯಾವ ಅಂಟೂ, ಪೇಂಟೂ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಮೊದಲ ಸಲವೇ ನೆಟ್ಟಗೆ ಹಾಕಬೇಕು.

ನೆಟ್ಟಗೆ ಹಾಕುವುದೆಂದರೆ ಮುಕ್ಕಾಲು ಪಾಲು ತೊಳೆಯುವ ಮತ್ತು ಒಣಗಿಸುವ ಕೆಲಸ. ಒಳಗೆ ಕೆಸರಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿ ಕುಲುಕಿ ಚೆಲ್ಲಿ. ಬೋರ್‌ವೆಲ್ ನೀರು ಹಾಕಿದರೆ ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ಒರೆಸಲು ಹೋಗಬೇಡಿ. ಆ ಬೆಳ್ಳಿ ಲೇಪ ಕಣ್ಣಿಗೆ ಕಾಣದಷ್ಟು ತೆಳು, ಒಂದು ಉಜ್ಜಿಗೆ ಕೈಗೆ ಬರುತ್ತದೆ. ಬಲ್ಬುಗಳನ್ನೆಲ್ಲ ತೆಗೆದು, ತೂತು ಕೆಳಗಾಗುವಂತೆ ದೀಪವನ್ನು ಇಡೀ ದಿನ ಬಿಸಿಲಿಗೆ ಇಡಿ. ಅವಸರವಿದ್ದರೆ ಹೇರ್ ಡ್ರೈಯರ್ ಅನ್ನು ಕಡಿಮೆ ಶಾಖದಲ್ಲಿ, ದೂರದಿಂದ ಹಿಡಿಯಿರಿ. ಅಂಚಿನ ಸಂದಿಯನ್ನು ಹಳೇ ಟೂತ್‌ಬ್ರಷ್ ಮತ್ತು ಸೋಪಿನ ನೀರಿನಲ್ಲಿ ಉಜ್ಜಿ ಒಣಗಿಸಿ. ಇಲ್ಲಿ ಗ್ಯಾರೇಜಿನ ಹುಡುಗರು ಅಭ್ಯಾಸಬಲದಿಂದ ಥಿನ್ನರ್ ಅಥವಾ ಪೆಟ್ರೋಲ್ ಬಟ್ಟೆ ತೆಗೆಯುತ್ತಾರೆ. ತಡೆಯಿರಿ. ಅಕ್ರಿಲಿಕ್‌ಗೆ ಇವು ತಾಗಿದರೆ ಗಾಜಿನೊಳಗೆ ಜೇಡರ ಬಲೆಯಂಥ ಸಣ್ಣ ಸಣ್ಣ ಬಿರುಕು ಏಳುತ್ತವೆ. ಆಗ ಒಂದು ಸಂದಿ ಮುಚ್ಚಲು ಹೋಗಿ ನೂರು ಸಂದಿ ಮಾಡಿದಂತೆ.

ಸಂದಿಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಸಿಲಿಕಾನ್ ಅನ್ನು ಮೇಲೆ ಸವರಿದರೆ ಸಾಲದು, ಸಂದಿಯೊಳಕ್ಕೆ ಒತ್ತಬೇಕು. ಸೋಪಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಎಳೆತಕ್ಕೆ ನಯಗೊಳಿಸಿ, ಪೊರೆಗಟ್ಟುವ ಮೊದಲೇ ಟೇಪ್ ಕಿತ್ತುಬಿಡಿ. ಗುರುತು ಹಾಕಿದ ಜಾಗದಿಂದ ಎರಡೂ ಕಡೆ ಒಂದೊಂದು ಗೇಣು ಹೆಚ್ಚಿಗೆ ಹಾಕಿ. ಮುಖ್ಯವಾಗಿ ಮೇಲಿನ ಅಂಚು, ಪಕ್ಕದ ಅಂಚು. ಸಿಲಿಕಾನ್ ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ. ಮುಟ್ಟಿದರೆ ಒಣಗಿದಂತೆ ಕಂಡರೂ ಒಂದು ಪೂರ್ತಿ ದಿನ ಬಿಟ್ಟು ದೀಪ ಸೇರಿಸಿ, ಒಂದು ವಾರ ವಾಟರ್ ಸರ್ವಿಸ್ ಮಾಡಿಸಬೇಡಿ. ಪ್ರೆಷರ್ ಗನ್ ಅನ್ನು ದೀಪದ ಅಂಚಿಗೆ ಹತ್ತಿರದಿಂದ ಹಿಡಿಯುವುದೇ ಎಷ್ಟೋ ಲೀಕುಗಳ ಮೂಲ. ಸರ್ವಿಸ್ ಸ್ಟೇಷನ್ನಿನಲ್ಲಿ ನಿಂತು ಹೇಳಿದರೆ ಕೇಳುತ್ತಾರೆ.

ಈ ಕೆಲಸಕ್ಕೆ ಏಪ್ರಿಲ್, ಮೇ ಹದವಾದ ಕಾಲ. ರೋಹಿಣಿ ಮಳೆ ಹಿಡಿಯುವ ಮೊದಲು ಮುಗಿಸಿಕೊಂಡರೆ ಒಣಗಿಸುವ ಕಷ್ಟ ಇರುವುದಿಲ್ಲ. ಮಳೆಗಾಲದ ನಡುವೆ ಸಂದಿ ಸಿಕ್ಕಿದರೆ ಅಗಲದ ಪಾರದರ್ಶಕ ಟೇಪನ್ನು ಮೇಲಂಚಿಗೆ ಅಂಟಿಸಿ, ತಳದ ಅಂಚನ್ನು ಬಿಟ್ಟು, ಬಿಸಿಲು ಬರುವವರೆಗೆ ತಳ್ಳಬಹುದು. ಅದು ರಿಪೇರಿಯಲ್ಲ, ಹಾಗಂತ ಒದ್ದೆ ಸಂದಿಗೆ ಸಿಲಿಕಾನ್ ಹಾಕಿ ಹಾಳುಮಾಡುವುದಕ್ಕಿಂತ ಎಷ್ಟೋ ಮೇಲು.

ಗಾಜೇ ಬಿರಿದಿದ್ದರೆ

ಕೂದಲೆಳೆ ಬಿರುಕಾದರೆ, ಅದು ಹೊಸದಾಗಿ ಸ್ವಚ್ಛವಾಗಿದ್ದರೆ, ಅಕ್ರಿಲಿಕ್ ನೇಮ್‌ಬೋರ್ಡ್ ಮಾಡುವವರ ಹತ್ತಿರ ಒಯ್ದು ನೋಡಿ. ಅವರು ಶೀಟುಗಳನ್ನು ಜೋಡಿಸುವ ನೀರಿನಂಥ ದ್ರಾವಣ ಬಿರುಕಿನೊಳಗೆ ತಾನೇ ಹರಿದು ಎರಡೂ ಬದಿಯನ್ನು ಕರಗಿಸಿ ಬೆಸೆಯುತ್ತದೆ. ಅದರ ಆವಿ ಕೆಟ್ಟದ್ದು, ಮನೆಯಲ್ಲಿ ಮಾಡಬೇಡಿ. ಬಿರುಕಿನಲ್ಲಿ ಧೂಳು ಹೊಕ್ಕಿದ್ದರೆ ಅದೂ ಹಿಡಿಯುವುದಿಲ್ಲ. ಚೂರು ಹಾರಿಹೋಗಿ ತೂತಾಗಿದ್ದರೆ ಕೆಂಪು ಲೆನ್ಸ್ ಟೇಪ್ ಊರು ಮುಟ್ಟಲು ಸಾಕು. ಬಣ್ಣವಿಲ್ಲದ ಟೇಪ್ ಬೇಡ. ಹಿಂದಿನವನಿಗೆ ಬಿಳಿ ಬೆಳಕು ಕಂಡರೆ ರಿವರ್ಸ್ ಬರುತ್ತಿದೆ ಎಂದುಕೊಳ್ಳುತ್ತಾನೆ.

ಬೇಡವೆಂದು ಹೇಳಬೇಕಾದ ಎರಡು

'ಸಾರ್, ಕೆಳಗಡೆ ಒಂದು ಹೋಲ್ ಹಾಕ್ಬಿಡ್ತೀನಿ, ನೀರೆಲ್ಲ ಇಳಿದುಹೋಗುತ್ತೆ' ಎಂಬ ಮಾತು ನಮ್ಮಲ್ಲಿ ಪ್ರತಿ ಎಲೆಕ್ಟ್ರಿಷಿಯನ್ ಅಂಗಡಿಯಲ್ಲೂ ಸಿಗುತ್ತದೆ. ಹೇಳುವವರಿಗೆ ಕೆಟ್ಟ ಉದ್ದೇಶವೇನಿಲ್ಲ, ಐದು ನಿಮಿಷದಲ್ಲಿ ಗಿರಾಕಿಯ ಕಣ್ಣೆದುರು ನೀರು ಇಳಿಯುತ್ತದೆ. ಆದರೆ ಚಕ್ರದಿಂದ ಎರಚುವ ಕೆಸರು ನೀರು ಅದೇ ತೂತಿನಿಂದ ಮೇಲೆ ಹೋಗುತ್ತದೆ, ಧೂಳು ಹೋಗುತ್ತದೆ, ಇರುವೆ ಗೂಡು ಕಟ್ಟುತ್ತದೆ. ಮೇಲಿನ ಸಂದಿ ಮುಚ್ಚದೆ ಉಳಿದಿರುವುದರಿಂದ ಬಲ್ಬಿನ ಮೇಲೆ ನೀರು ಸುರಿಯುವುದೂ ನಿಲ್ಲುವುದಿಲ್ಲ. ವಾರಂಟಿ ಇದ್ದ ದೀಪವಾದರೆ ಆ ಒಂದು ತೂತಿನಿಂದ ಅದೂ ಹೋಯಿತು. ಬದಲಿಸುವುದೆಂದು ಹೇಗೂ ನಿರ್ಧರಿಸಿ, ಹೊಸ ದೀಪ ಬರುವವರೆಗೆ ದಿನ ದೂಡಬೇಕಾದ ಹಳೇ ಬಲ್ಬ್ ದೀಪಕ್ಕೆ ಮಾತ್ರ ನಾನು ಒಪ್ಪುತ್ತೇನೆ.

ಎರಡನೆಯದು ಓವನ್. ಹೆಡ್‌ಲೈಟನ್ನು ಓವನ್ನಿನಲ್ಲಿ ಬಿಸಿ ಮಾಡಿ ಬಿಚ್ಚಿ ಮತ್ತೆ ಅಂಟಿಸುವ ವಿಡಿಯೋಗಳು ಬೇಕಾದಷ್ಟಿವೆ. ಬಹಳಷ್ಟು ಹೆಡ್‌ಲೈಟುಗಳಲ್ಲಿ ಗಾಜು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್, ನಡುವೆ ಬಿಸಿಗೆ ಮೆತ್ತಗಾಗುವ ಬ್ಯೂಟೈಲ್ ಅಂಟು. ಪಾಲಿಕಾರ್ಬೊನೇಟ್ 145 ಡಿಗ್ರಿಯವರೆಗೂ ತಡೆಯುತ್ತದೆ, ಅಂಟು ಅದಕ್ಕಿಂತ ಎಷ್ಟೋ ಮೊದಲೇ ಬಿಡುತ್ತದೆ. ಹೆಚ್ಚಿನ ಟೇಲ್ ಲೈಟುಗಳಲ್ಲಿ ನಡುವೆ ಅಂಟೇ ಇಲ್ಲ, ಬೆಸುಗೆ. ಅಕ್ರಿಲಿಕ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ಬೆಸುಗೆ ಬಿಡುವುದಿಲ್ಲ, ಗಾಜು ಸೊಟ್ಟಗಾಗುತ್ತದೆ. ಗಾಜನ್ನು ಬ್ಲೇಡಿನಿಂದ ಕೊಯ್ದು ತೆಗೆದು ಮತ್ತೆ ಅಂಟಿಸುವವರು ಇದ್ದಾರೆ. ಬಿಡಿಭಾಗ ಎಲ್ಲೂ ಸಿಗದ ಹಳೆಯ ಕಾರುಗಳಿಗೆ ಮಾತ್ರ ಆ ಶ್ರಮ ಸಾರ್ಥಕ.

ದೀಪ ಒಣ, ಡಿಕ್ಕಿ ಒದ್ದೆ

ದೀಪದೊಳಗೆ ಒಂದು ಹನಿಯೂ ಇಲ್ಲ, ಆದರೆ ಡಿಕ್ಕಿಯಲ್ಲಿ ಮುಗ್ಗಲು ವಾಸನೆ, ಸ್ಟೆಪ್ನಿ ಇಟ್ಟ ಗುಂಡಿಯಲ್ಲಿ ನೀರು. ಹಾಗಿದ್ದರೆ ದೀಪಕ್ಕೂ ಬಾಡಿಗೂ ನಡುವಿನ ಗ್ಯಾಸ್ಕೆಟ್ ನೋಡಬೇಕು. ಟಿಂಕರಿಂಗ್, ಪೇಂಟಿಂಗ್ ಆದ ಕಾರುಗಳಲ್ಲಿ ಇದು ಸಾಮಾನ್ಯ. ಹಳೇ ಸ್ಪಂಜಿನ ಗ್ಯಾಸ್ಕೆಟ್ ಒಮ್ಮೆ ಚಪ್ಪಟೆಯಾದ ಮೇಲೆ ಮತ್ತೆ ಉಬ್ಬಿ ಕೂರುವುದಿಲ್ಲ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತು, ಇನ್ನೊಬ್ಬರು ಪೈಪಿನಲ್ಲಿ ಸಣ್ಣಗೆ ನೀರು ಬಿಡುತ್ತ ಕೆಳಗಿನಿಂದ ಮೇಲಕ್ಕೆ ಬಂದರೆ ಜಾಗ ಸಿಗುತ್ತದೆ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಬಂಪರಿನ ಹಿಂದಿನ ಗಾಳಿ ಕಿಂಡಿಗಳ ರಬ್ಬರ್ ಎಲೆಗಳನ್ನೂ ನೋಡಿ, ನೀರು ಅಲ್ಲಿಂದಲೂ ಬರುತ್ತದೆ.

ಇಲ್ಲಿ ನನ್ನ ಆಯ್ಕೆ ಸಿಲಿಕಾನ್ ಅಲ್ಲ. ಹೊಸ ಗ್ಯಾಸ್ಕೆಟ್ ಸಿಕ್ಕರೆ ಅದು, ಸಿಗದಿದ್ದರೆ ಬ್ಯೂಟೈಲ್ ಟೇಪ್. ಬಲ್ಬ್ ಬದಲಿಸಲು ದೀಪವನ್ನು ಮತ್ತೆ ತೆಗೆಯಬೇಕಾಗುತ್ತದೆ. ಬ್ಯೂಟೈಲ್ ಎಂದೂ ಗಟ್ಟಿಯಾಗದೆ ಮೇಣದ ಹದದಲ್ಲೇ ಇರುತ್ತದೆ, ಎಳೆದರೆ ಬರುತ್ತದೆ, ಒತ್ತಿದರೆ ಕೂರುತ್ತದೆ. ಸಿಲಿಕಾನ್ ಹಾಕಿ ಅಂಟಿಸಿದ ದೀಪವನ್ನು ಆಮೇಲೆ ಕೀಳುವಾಗ ಗೂಟ ಮುರಿಯುವುದು, ಬಾಡಿಯ ಪೇಂಟ್ ಏಳುವುದು ಎರಡೂ ಆಗುತ್ತವೆ. ಪೇಂಟ್ ಎದ್ದ ಕಡೆ ತುಕ್ಕು.

ಬದಲಿಸುವುದಾದರೆ

ಬಲ್ಬ್ ಮಾದರಿಯ ಚಿಕ್ಕ ಕಾರಿನ ದೀಪಕ್ಕೆ ಒಮ್ಮೆ ಸೀಲ್ ಮಾಡಿ ನೋಡುವುದರಲ್ಲಿ ಕಳೆದುಕೊಳ್ಳುವುದೇನಿಲ್ಲ. ಎರಡನೇ ಸಲ ಸೋರಿದರೆ, ಅಥವಾ ಒಳಗಿನ ಬೆಳ್ಳಿ ಲೇಪ ಸುಲಿದು ಬೆಳಕು ಮಂಕಾಗಿದ್ದರೆ, ಬದಲಿಸಿಬಿಡಿ. ಲೇಪ ಹೋದ ದೀಪವನ್ನು ಯಾವ ಅಂಟೂ ಉಳಿಸುವುದಿಲ್ಲ. ಎಲ್‌ಇಡಿ ದೀಪದ ಲೆಕ್ಕ ಬೇರೆ. ಬಲ್ಬಿನಂತೆ ಅದರ ಬೋರ್ಡ್ ಕೈಗೆ ಸಿಗುವುದಿಲ್ಲ, ನೀರು ತಾಗಿ ಒಂದು ಸಾಲು ಆರಿದರೆ ಇಡೀ ದೀಪ ಹೋದಂತೆ. ಡಿಕ್ಕಿಯ ಅಗಲಕ್ಕೂ ಹರಡಿದ ಎಲ್‌ಇಡಿ ಪಟ್ಟಿ ಇರುವ ಎಸ್‌ಯುವಿಗಳಲ್ಲಿ ಅದರ ಬೆಲೆ ಹ್ಯಾಚ್‌ಬ್ಯಾಕ್ ದೀಪದ ಎಷ್ಟೋ ಪಟ್ಟು. ಅಂಥ ದೀಪದಲ್ಲಿ ಮೊದಲ ಹನಿ ಕಂಡ ದಿನವೇ ಕೆಲಸ ಶುರು ಮಾಡಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಮೂರು ಬೆಲೆ ಹೇಳುತ್ತಾರೆ: ಕಾರು ಕಂಪನಿಯ ಡಬ್ಬಿಯಲ್ಲಿ ಬಂದದ್ದು, ದೀಪ ತಯಾರಿಸುವ ಕಂಪನಿಯ ಹೆಸರಲ್ಲೇ ಬಂದದ್ದು, ಹೆಸರಿಲ್ಲದ ಲೋಕಲ್. ನಡುವಿನದು ಹೆಚ್ಚಿನವರಿಗೆ ಸರಿಯಾದ ಆಯ್ಕೆ. ಲ್ಯೂಮ್ಯಾಕ್ಸ್, ಯುನೋ ಮಿಂಡಾ, ವರೋಕ್‌ನಂಥವರು ಕಾರು ಕಂಪನಿಗಳಿಗೇ ದೀಪ ಕೊಡುವವರು. ಲೋಕಲ್ ದೀಪದಲ್ಲಿ ನನ್ನ ತಕರಾರು ಬೆಳಕಿಗಿಂತ ಅಂಚಿನದು. ಗಾಜು ಮತ್ತು ಡಬ್ಬಿ ಕೂಡುವ ಗೆರೆಯನ್ನು ಅಂಗಡಿಯಲ್ಲೇ ಬೆರಳಿನಿಂದ ಸವರಿ ನೋಡಿ, ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ವಾಪಸ್ ಕೊಡಿ. ಗಾಜಿನ ಮೇಲೆ ಅನುಮೋದನೆಯ ಸಂಖ್ಯೆ ಅಚ್ಚಾಗಿದೆಯೇ, ಹಿಂಬದಿಯಲ್ಲಿ ಉಸಿರಾಟದ ನಳಿಕೆ ಇದೆಯೇ, ಗ್ಯಾಸ್ಕೆಟ್ ಜೊತೆಗೇ ಬಂದಿದೆಯೇ ನೋಡಿಕೊಳ್ಳಿ. ಚಂದಕ್ಕೆಂದು ಕಪ್ಪು ಛಾಯೆಯ ಗಾಜಿನ ದೀಪ ಹಾಕಿಸಬೇಡಿ. ವಾಹನದ ದೀಪಗಳು ಹೇಗಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೇ ನಿಯಮ ಹೇಳುತ್ತದೆ, ಅದಕ್ಕಿಂತ ಮುಖ್ಯವಾಗಿ ಮಳೆಯಲ್ಲಿ ಅಂಥ ದೀಪ ಕಾಣುವುದೇ ಇಲ್ಲ.

ಶಿವಾಜಿನಗರದ ಗುಜರಿಯ ದೀಪವನ್ನು ತಳ್ಳಿಹಾಕುವಂತಿಲ್ಲ. ಅಸಲಿ ಕಂಪನಿ ಪೀಸ್ ಅರ್ಧಕ್ಕಿಂತ ಕಡಿಮೆಗೆ ಸಿಗಬಹುದು, ತಯಾರಿಕೆ ನಿಂತ ಕಾರುಗಳಿಗೆ ಕೆಲವೊಮ್ಮೆ ಅದೊಂದೇ ಗತಿ. ಆದರೆ ಮೇಲೆ ಹೇಳಿದ ಲೋಟ ನೀರಿನ ಪರೀಕ್ಷೆಯನ್ನು ಅಲ್ಲೇ ಮಾಡಿ. ಮಾಡಲು ಬಿಡದಿದ್ದರೆ ಕೊಳ್ಳಬೇಡಿ. ಹಿಂಬದಿಯ ಗೂಟಗಳನ್ನು ಎಣಿಸಿ, ಅಂಟಿಸಿದ ಗೂಟದ ದೀಪ ಹಳ್ಳಕೊಳ್ಳದ ರಸ್ತೆಯಲ್ಲಿ ಬಹಳ ದಿನ ನಿಲ್ಲದು.

ವಾರಂಟಿ, ಇನ್ಶೂರೆನ್ಸ್

ವಾರಂಟಿ ಇದ್ದರೆ ಮೇಲಿನದ್ಯಾವುದನ್ನೂ ಮಾಡದೆ ಶೋರೂಮಿಗೆ ಹೋಗಿ. ಬಲ್ಬಿಗೆ ವಾರಂಟಿ ಇರುವುದಿಲ್ಲ, ಸೋರುವ ದೀಪಕ್ಕೆ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಹೇಳುವ ಮಾತು ಹೆಚ್ಚಾಗಿ 'ಇದು ನಾರ್ಮಲ್ ಮಂಜು' ಎಂಬುದು. ಕಾರು ಒಯ್ಯುವಷ್ಟರಲ್ಲಿ ಬಿಸಿಲಿಗೆ ನೀರು ಆರಿರುತ್ತದೆ. ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ ನಿಂತ ನೀರು, ನಂಬರ್ ಪ್ಲೇಟ್ ಎರಡೂ ಕಾಣುವಂತೆ ಫೋಟೊ ತೆಗೆದಿಡಿ, ಬೇರೆ ಬೇರೆ ದಿನದ ಒಂದೆರಡು ಇದ್ದರೆ ಇನ್ನೂ ಒಳ್ಳೆಯದು. ದೂರನ್ನು ಬಾಯಲ್ಲಿ ಹೇಳಿ ಬರಬೇಡಿ, 'ಟೇಲ್ ಲ್ಯಾಂಪ್ ಒಳಗೆ ನೀರು ನಿಲ್ಲುತ್ತಿದೆ' ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ತೆಗೆದುಕೊಳ್ಳಿ. ವಾರಂಟಿ ಮುಗಿಯುವ ಮೊದಲು ದಾಖಲಾದ ದೂರು, ಮುಗಿದ ಮೇಲೂ ಮಾತಾಡಲು ಬರುತ್ತದೆ.

ಇನ್ಶೂರೆನ್ಸ್ ಬರುವುದು ಗುದ್ದಿಸಿಕೊಂಡು ಒಡೆದ ದೀಪಕ್ಕೆ ಮಾತ್ರ, ಸವೆದು ಸೋರಿದ್ದಕ್ಕಲ್ಲ. ಗುದ್ದಿದ್ದಾದರೂ ಮೊದಲು ಲೆಕ್ಕ ಹಾಕಿ. ದೀಪ 4,000 ರೂಪಾಯಿ ಎಂದುಕೊಳ್ಳೋಣ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಶೇ. 50 ಸವಕಳಿ ಕಳೆಯುತ್ತಾರೆ, ಉಳಿಯುವುದು 2,000. ಎಂಜಿನ್ 1500 ಸಿಸಿ ಒಳಗಿದ್ದರೆ ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಅದರಲ್ಲಿ ಹೋಗುತ್ತದೆ. ಕೈಗೆ ಬರುವುದು 1,000. ಅದಕ್ಕಾಗಿ ಕ್ಲೇಮ್ ಹಾಕಿದರೆ ವರ್ಷಗಳಿಂದ ಕೂಡಿಸಿದ ನೋ ಕ್ಲೇಮ್ ಬೋನಸ್ (ಕ್ಲೇಮ್ ಹಾಕದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ, ಐದು ವರ್ಷ ಕ್ಲೇಮ್ ಇಲ್ಲದವರಿಗೆ ಅದು ಸ್ವಂತ ಹಾನಿಯ ಪ್ರೀಮಿಯಂನ ಅರ್ಧದಷ್ಟು. ಬಂಪರ್, ಡಿಕ್ಕಿ ಬಾಗಿಲು ಕೂಡ ಜಜ್ಜಿದ್ದರೆ ಎಲ್ಲವನ್ನೂ ಒಂದೇ ಕ್ಲೇಮಿನಲ್ಲಿ ಸೇರಿಸಿ. ದೀಪ ಒಂದೇ ಒಡೆದಿದ್ದರೆ ಕೈಯಿಂದಲೇ ಕೊಟ್ಟು ಹಾಕಿಸಿಕೊಳ್ಳುವುದು ಲಾಭ.